ಕೊನೆಗೆ ಮುಟ್ಟಿದ ಕೈ

ರಿಪೇರಿಯಾಗಿ ಬಂದ ಯಂತ್ರ ವಾರದೊಳಗೆ ಮತ್ತೆ ತಕರಾರು ತೆಗೆದರೆ ನಮ್ಮ ಅನುಮಾನವೆಲ್ಲ ಅದನ್ನು ಕೊನೆಗೆ ಮುಟ್ಟಿದವನ ಮೇಲೆ ಹೋಗುತ್ತದೆ. ಸರಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಈ ನ್ಯಾಯ ಹೊಸದಲ್ಲ. ಕಡತವೊಂದು ದಾರಿ ತಪ್ಪಿದರೆ ಎಲ್ಲರೂ ಮೊದಲು ನೋಡುವುದು ಅದರ ಮೇಲಿನ ಕೊನೆಯ ಸಹಿಯನ್ನು. ಸುಲಭವಾದ, ಎಷ್ಟೋ ಸಲ ಉಪಯುಕ್ತವೂ ಆದ ಪದ್ಧತಿ ಇದು. ಅದು ಎಲ್ಲಿ ಸೋಲುತ್ತದೆ ಎಂಬುದನ್ನು ಕಳೆದ ಮಳೆಗಾಲದಲ್ಲಿ, ಪುಣೆಯ ಒಂದು ಸಣ್ಣ ಗ್ಯಾರೇಜಿನಲ್ಲಿ, ಜಾರುವ ಕ್ಲಚ್ಚೊಂದರ ಮುಂದೆ ಕುಳಿತು ಕಂಡೆ.

ವಾಹನ ನನ್ನ ಮಿತ್ರರದು. 250 ಸಿಸಿಯ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೊದಲು ಜಾವಾ, ಅನಂತರ ಯೆಜ್ಡಿ ಹೆಸರಿನ ಬೈಕುಗಳನ್ನು ತಯಾರಿಸಿ 1996ರಲ್ಲಿ ಮುಚ್ಚಿಹೋಯಿತು. ಆ ಊರಿನಲ್ಲಿ ಬೆಳೆದ ಮಿತ್ರರಿಗೆ, ಕಿಕ್ಕೂ ಗೇರೂ ಒಂದೇ ಲಿವರಿನಲ್ಲಿರುವ ಈ ಬೈಕಿನ ಮೇಲಿನ ಮಮತೆಗೆ ಲೆಕ್ಕವಿಲ್ಲ. 18,000 ರೂಪಾಯಿ ಖರ್ಚು ಮಾಡಿ ಎಂಜಿನ್ ಬಿಚ್ಚಿ ಕಟ್ಟಿಸಿದ್ದರು. ಸಿಲಿಂಡರಿಗೆ ಬೋರ್ ಹಾಕಿಸಿ ಹೊಸ ಪಿಸ್ಟನ್, ಹೊಸ ರಿಂಗುಗಳನ್ನು ಕೂರಿಸಲಾಗಿತ್ತು. ಕ್ಲಚ್ಚಿಗೂ ಹೊಸ ಪ್ಲೇಟುಗಳು ಬಿದ್ದಿದ್ದವು.

ಊರೊಳಗೆ ಓಡಾಡುವಾಗ ಎಲ್ಲ ಸರಿಯಾಗಿಯೇ ಇತ್ತು. ಕಾತ್ರಜ್ ಘಾಟಿನ ಏರಿನಲ್ಲಿ, ಮೂರನೆಯ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಭೋರ್ಗರೆಯುತ್ತಿತ್ತು. ವೇಗ ಮಾತ್ರ ಇದ್ದಲ್ಲೇ ಇರುತ್ತಿತ್ತು. ಜೊತೆಗೆ ಸುಟ್ಟ ವಾಸನೆ. ಮರುದಿನ ಮಿತ್ರರು ನನ್ನನ್ನೂ ಕರೆದುಕೊಂಡು ಗ್ಯಾರೇಜಿಗೆ ನಡೆದರು.

ಗ್ಯಾರೇಜಿನ ಮಿಸ್ತ್ರಿಯವರು ಅಕ್ಕಲಕೋಟೆಯ ಕಡೆಯವರು. ಗಿರಾಕಿಗಳೊಡನೆ ಮರಾಠಿ, ಮನೆಯವರೊಡನೆ ಕನ್ನಡ. ಅವರ ಅಕ್ಕನ ಮಗ, ಹತ್ತೊಂಬತ್ತರ ಹುಡುಗ, ಊರು ಬಿಟ್ಟು ಬಂದು ಕೆಲಸ ಕಲಿಯುತ್ತಿದ್ದ. ಕ್ಲಚ್ ಜೋಡಿಸಿದ್ದು ಅವನೇ ಎಂದು ತಿಳಿದದ್ದೇ ತಡ, ಮಿತ್ರರು ಸಿಡಿದರು. "ಹುಡುಗನ ಕೈಗೆ ಕೊಟ್ಟರೆ ಇನ್ನೇನಾಗುತ್ತೆ ಮಿಸ್ತ್ರಿಯವರೇ? ಮೊದಲು ಇವನನ್ನು ಊರಿಗೆ ಕಳಿಸಿ, ಆಮೇಲೆ ದುಡ್ಡಿನ ಮಾತಾಡೋಣ." ಹುಡುಗ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಗೋಡೆಗೆ ಒರಗಿ ನಿಂತ.

ಮಿಸ್ತ್ರಿಯವರು ಸೋದರಳಿಯನ ಪರವಾಗಿಯೂ ಮಾತಾಡಲಿಲ್ಲ, ಅವನನ್ನು ಬೈಯಲೂ ಇಲ್ಲ. "ಎಂಜಿನ್ ಓಡ್ಲಾಕತ್ತದ್ರಿ ಸರ, ಗಾಲಿ ಓಡವಲ್ದು. ನಡುವ ಯಾರೋ ಕೈ ಬಿಡ್ಲಾಕತ್ತಾರ. ಯಾರಂತ ಹೊರಗಿಂದ ಒಂದೊಂದ ಕೇಳ್ಕೋತ ಒಳಗ ಹೋಗೂಣ್ರಿ," ಎಂದರು. ಆಮೇಲೆ ಹುಡುಗನತ್ತ ತಿರುಗಿ, "ತಮ್ಮಾ, ನೀನೇ ಬಿಚ್ಚು," ಎಂದರು.

ಆ ಪರೀಕ್ಷೆಯ ಕ್ರಮವೇ ನನ್ನನ್ನು ಹಿಡಿದು ಕೂರಿಸಿದ್ದು. ಎಂಜಿನ್ನಿಗೇ ಶಕ್ತಿ ಇಲ್ಲದಿದ್ದರೆ ಅದರ ಸುತ್ತುಗಳೂ ಏರುವುದಿಲ್ಲ. ಸುತ್ತು ಏರಿ ವೇಗ ಏರದಿದ್ದರೆ ಅನುಮಾನ ಕ್ಲಚ್ಚಿನದು. ಕ್ಲಚ್ಚಿನಲ್ಲಿ ಮೊದಲು ನೋಡಬೇಕಾದದ್ದು ಕಾಸು ಖರ್ಚಿಲ್ಲದ ಸಂಗತಿ: ಹ್ಯಾಂಡಲಿನ ಲಿವರಿಗೆ ತುಸು ಸಡಿಲು ಇದೆಯೇ? ಕೇಬಲ್ ಬಿಗಿಯಾಗಿದ್ದರೆ ಸವಾರ ಒತ್ತದಿದ್ದರೂ ಕ್ಲಚ್ ಅರ್ಧ ಬಿಟ್ಟೇ ಇರುತ್ತದೆ. ಹುಡುಗ ಲಿವರನ್ನು ಬೆರಳಿನಿಂದ ಅಲ್ಲಾಡಿಸಿದ, ಸಡಿಲು ಬೇಕಾದಷ್ಟಿತ್ತು. ಎಂಜಿನ್ ಬಿಸಿಯಾದ ಮೇಲೆ ಮತ್ತೊಮ್ಮೆ ನೋಡಿದ, ಆಗಲೂ ಇತ್ತು.

ಎರಡನೆಯದು ಎಣ್ಣೆ. ಈ ಎರಡು ಸ್ಟ್ರೋಕಿನ ಬೈಕಿನಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನಲ್ಲೇ ಬೆರೆತು ಹೋಗುತ್ತದೆ. ಗೇರು, ಕ್ಲಚ್ಚುಗಳು ಬೇರೆಯೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಹುಡುಗ ಅದನ್ನು ಬಾಣಲೆಗೆ ಇಳಿಸಿದ. ಮಿಸ್ತ್ರಿಯವರು ಎರಡು ಬೆರಳಿನ ನಡುವೆ ಉಜ್ಜಿ ನೋಡಿ, "ಈ ಎಣ್ಣಿ ನಮ್ಮದಲ್ರಿ," ಎಂದರು. ನಿಜ; ಮಿತ್ರರೇ ತಂದುಕೊಟ್ಟದ್ದು. ಹೊಸ ಎಂಜಿನ್ನಿಗೆ ಉತ್ತಮವಾದದ್ದೇ ಇರಲೆಂದು ಅಂಗಡಿಯಲ್ಲಿ ಎಲ್ಲಕ್ಕಿಂತ ದುಬಾರಿಯಾದ, ಇಂಧನ ಉಳಿಸುವ ಕಾರಿನ ಸಿಂಥೆಟಿಕ್ ಎಣ್ಣೆಯನ್ನು ಆರಿಸಿದ್ದರು. ಅಂಥ ಎಣ್ಣೆಯಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುತ್ತವೆ. ಸಾಮಾನ್ಯ ಗೇರಿನ ಕಾರುಗಳಲ್ಲಿ ಕ್ಲಚ್ ಎಂಜಿನ್ ಎಣ್ಣೆಗೆ ತಾಗದೆ ಒಣಗಿಯೇ ಇರುವುದರಿಂದ ತೊಂದರೆಯಿಲ್ಲ. ಇಲ್ಲಿ ಕ್ಲಚ್ಚಿನ ವಾಸವೇ ಎಣ್ಣೆಯಲ್ಲಿ, ಅದರ ಬದುಕೇ ಘರ್ಷಣೆಯಲ್ಲಿ. ಬೈಕಿನ ಎಣ್ಣೆಗಳಿಗೆ ಜಪಾನಿನ ಜಾಸೊ ಮಾನದಂಡವೊಂದಿದೆ. ಡಬ್ಬದ ಮೇಲೆ ಎಂ.ಎ. ಎಂದಿದ್ದರೆ ಎಣ್ಣೆಯಲ್ಲಿ ಮುಳುಗುವ ಕ್ಲಚ್ಚಿಗೆ ಒಗ್ಗುತ್ತದೆ, ಎಂ.ಬಿ. ಎಂದಿದ್ದರೆ ಘರ್ಷಣೆ ಕಡಿಮೆ.

ಅಲ್ಲಿಗೆ ಅಪರಾಧಿ ಸಿಕ್ಕನೆಂದು ನಾನು ಭಾವಿಸಿದೆ. ಮಿಸ್ತ್ರಿಯವರು ನಿಲ್ಲಿಸಲಿಲ್ಲ. ಎಡಬದಿಯ ಮುಚ್ಚಳ ತೆರೆಸಿದರು. ಪ್ಲೇಟುಗಳು ಹೊಸವೇ, ದಪ್ಪ ಸವೆದಿರಲಿಲ್ಲ. ಮೇಲ್ಮೈ ಮಾತ್ರ ಹೊಳಪೇರಿತ್ತು. ಉಕ್ಕಿನ ಪ್ಲೇಟುಗಳನ್ನು ಒಂದೊಂದಾಗಿ ಗಾಜಿನ ಮೇಲಿಟ್ಟು, ಅಂಚಿನಲ್ಲಿ ತೆಳು ಗೇಜು ತೂರಿಸಿ ನೋಡಿದ ಹುಡುಗ, ಯಾವುದೂ ಬಾಗಿರಲಿಲ್ಲ. ಜೋಡಣೆಯ ಅನುಕ್ರಮವೂ ಸರಿಯಾಗಿತ್ತು. ಕೊನೆಗೆ ಸ್ಪ್ರಿಂಗುಗಳು. ಹಳೆಯದೊಂದನ್ನೂ ಪೊಟ್ಟಣದಿಂದ ತೆಗೆದ ಹೊಸದೊಂದನ್ನೂ ಅದೇ ಗಾಜಿನ ಮೇಲೆ ನಿಲ್ಲಿಸಿದರೆ ಹಳೆಯದು ಸುಮಾರು ಎರಡು ಮಿಲಿಮೀಟರ್ ಗಿಡ್ಡ. "ಇವು ಬದಲಸ್ಬೇಕಿತ್ರಿ. ಹಳೇವ ಹಾಕಂತ ಹೇಳಿದಾಂವ ನಾನs," ಎಂದರು ಮಿಸ್ತ್ರಿಯವರು, ಯಾರೂ ಕೇಳದಿದ್ದರೂ.

ಕ್ಲಚ್ ಎಷ್ಟು ಬಲವನ್ನು ದಾಟಿಸಬಲ್ಲದು ಎಂಬುದು ನಾಲ್ಕು ಸಂಗತಿಗಳ ಗುಣಲಬ್ಧ: ಸ್ಪ್ರಿಂಗುಗಳ ಒತ್ತಡ, ಉಜ್ಜುವ ಮೇಲ್ಮೈಗಳ ಸಂಖ್ಯೆ, ಅವುಗಳ ಸರಾಸರಿ ತ್ರಿಜ್ಯ, ಅವುಗಳ ನಡುವಿನ ಘರ್ಷಣೆ. ಇಲ್ಲಿ ಸ್ಪ್ರಿಂಗು ಒಂದಿಷ್ಟು ಕಳೆದಿತ್ತು, ಎಣ್ಣೆ ಇನ್ನೊಂದಿಷ್ಟು ಕಳೆಯಿತು. ಇದೇ ಸ್ಪ್ರಿಂಗುಗಳು ಹಳೆಯ ಎಂಜಿನ್ನಿನಲ್ಲಿ ಏಕೆ ಸೋಲಲಿಲ್ಲ? ಸವೆದ ಸಿಲಿಂಡರಿಗೆ ಅವುಗಳನ್ನು ಸೋಲಿಸುವಷ್ಟು ಶಕ್ತಿಯೇ ಇರಲಿಲ್ಲ. ಎಂಜಿನ್ ಯೌವನಕ್ಕೆ ಮರಳಿತು. ಜೊತೆಗಿದ್ದ ಮುಪ್ಪು ಆಗ ಕಣ್ಣಿಗೆ ಬಿತ್ತು. ರಿಪೇರಿ ಚೆನ್ನಾಗಿ ಆದದ್ದರಿಂದಲೇ ದೋಷ ಹೊರಬಂದಿತ್ತು. ನಮ್ಮ ಕಚೇರಿಗಳಲ್ಲಿಯೂ ಚುರುಕಾದ ಅಧಿಕಾರಿಯೊಬ್ಬರು ಬಂದ ಮೇಲೆಯೇ ಹಳೆಯ ವ್ಯವಸ್ಥೆಯ ಜಾರುವಿಕೆ ಬಯಲಾಗುವುದು. ಬೈಗುಳ ಸಲ್ಲುವುದು ಆ ಹೊಸಬರಿಗೇ.

ಪ್ಲೇಟುಗಳನ್ನು ಪೆಟ್ರೋಲಿನಲ್ಲಿ ತೊಳೆದು, ಮರಳುಕಾಗದದಿಂದ ಹಗುರಾಗಿ ಉಜ್ಜಿ, ಸರಿಯಾದ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿಟ್ಟರು. ಮರುದಿನ ಹೊಸ ಸ್ಪ್ರಿಂಗುಗಳೊಂದಿಗೆ ಎಲ್ಲವನ್ನೂ ಜೋಡಿಸಿದವನು ಅದೇ ಹುಡುಗ. ಘಾಟಿನಲ್ಲಿ ಹಿಂದೆ ಕುಳಿತಿದ್ದವನು ನಾನು. ಮೂರನೆಯ ಗೇರಿನಲ್ಲಿ ಏರು ಸಲೀಸಾಗಿ ಕಳೆಯಿತು. ಸ್ಪ್ರಿಂಗಿನ ಹಣವನ್ನು ಮಿಸ್ತ್ರಿಯವರು ತೆಗೆದುಕೊಳ್ಳಲಿಲ್ಲ, ಎಣ್ಣೆಯ ಹಣವನ್ನು ಮಿತ್ರರು ಚೌಕಾಸಿಯಿಲ್ಲದೆ ಕೊಟ್ಟರು.

ಮಿತ್ರರು ಕ್ಷಮೆಯ ಮಾತೇನೂ ಆಡಲಿಲ್ಲ. ಹೊರಡುವ ಮುನ್ನ ಮಿಸ್ತ್ರಿಯವರನ್ನು ದಾಟಿ ಹುಡುಗನ ಬಳಿ ಹೋಗಿ, "ಮುಂದಿನ ಸಲ ಯಾವ ಎಣ್ಣೆ ತರಬೇಕು, ಒಂದು ಚೀಟಿಯಲ್ಲಿ ಬರೆದುಕೊಡಪ್ಪ," ಎಂದರು. ಹುಡುಗ ಕೈ ಒರೆಸಿಕೊಂಡು ಸ್ಪ್ರಿಂಗಿನ ಪೊಟ್ಟಣದ ರಟ್ಟನ್ನೇ ಹರಿದು ಅದರ ಮೇಲೆ ಬರೆದ.