ಜಾರ್ಜ್ ಸರೋವರದಲ್ಲಿ ಒಂದು ವಸಂತದ ಬೆಳಗು

ಮೈಸೂರಿನಿಂದ ಹೊರಡುವ ಹಿಂದಿನ ದಿವಸ ನಮ್ಮ ತಂಗಿಯು ಒಂದು ಡಬ್ಬಿ ಚಟ್ನಿಪುಡಿಯನ್ನೂ ಒಂದು ಆಜ್ಞೆಯನ್ನೂ ನಮ್ಮ ವಶಕ್ಕೆ ಒಪ್ಪಿಸಿದಳು. ಚಟ್ನಿಪುಡಿಯು ಅಮೆರಿಕದ ಆಲ್ಬನಿ ಪಟ್ಟಣದಲ್ಲಿ ಉದ್ಯೋಗದಲ್ಲಿರುವ ಅವಳ ಮಗನಿಗೆ; ಆಜ್ಞೆಯು ನಮಗೆ. "ಅವನಿಗೆ ಮೀನಿನ ಹುಚ್ಚು ಹಿಡಿದಿದೆಯಂತೆ. ತೊಟ್ಟಿಲಷ್ಟು ದೋಣಿಯಲ್ಲಿ ಒಬ್ಬನೇ ಕುಳಿತು, ಆಗತಾನೆ ಮಂಜುಗಡ್ಡೆ ಕರಗಿದ ನೀರಿನ ಮೇಲೆ ಹೋಗುತ್ತಾನಂತೆ. ಹೇಗಾದರೂ ಮಾಡಿ ಬಿಡಿಸಿ ಬಾ" ಎಂದಳು. ವರ್ಷಕ್ಕೊಮ್ಮೆ ಶೃಂಗೇರಿಗೆ ಹೋಗಿ ತುಂಗೆಯ ಮೀನುಗಳಿಗೆ ಪುರಿಯನ್ನು ಚೆಲ್ಲಿ ಕೈಮುಗಿದು ಬರುವವಳು ಆಕೆ. ಮಗನ ಪ್ರಾಣದ ಚಿಂತೆ ಒಂದಾದರೆ, ಮೀನಿನ ಪ್ರಾಣದ ಚಿಂತೆ ಇನ್ನೊಂದು. ಬಿಡಿಸಿ ಬರುತ್ತೇವೆಂದು ನಾವು ಮಾತು ಕೊಟ್ಟೆವು. ಅಷ್ಟು ಸುಲಭವಾಗಿ ಮಾತು ಕೊಡಬಾರದಾಗಿತ್ತೆಂದು ತಿಳಿದದ್ದು ಮುಂದಿನ ಸಂಗತಿ.

2023ನೆಯ ಇಸವಿಯ ಮೇ ತಿಂಗಳ ಮೊದಲ ವಾರದಲ್ಲಿ ನಾವೂ ನಮ್ಮ ಮನೆಯವರೂ ಆಲ್ಬನಿಯನ್ನು ಸೇರಿದೆವು. ನಮ್ಮ ಸೋದರಳಿಯನ ಬಿಡಾರದಲ್ಲಿ ಮೊದಲು ಕಣ್ಣಿಗೆ ಬಿದ್ದುದು ಗೋಡೆಗೆ ಒರಗಿಸಿದ್ದ ಗಾಳದ ಕೋಲುಗಳು. ಎಣಿಸಿದರೆ ಒಂಬತ್ತು! ಮೇಜಿನ ಮೇಲೆ ಪೆಟ್ಟಿಗೆಗಳು. ಪೆಟ್ಟಿಗೆಗಳೊಳಗೆ ಕೃತಕ ಎರೆಗಳು. ಬೆಳ್ಳಿಯ ಸಣ್ಣ ಮೀನಿನಂಥವು, ಕಂದು ಬಣ್ಣದ ಸಿಗಡಿಯಂಥವು, ರಬ್ಬರಿನ ಹುಳುವಿನಂಥವು, ತಗಡಿನ ರೆಕ್ಕೆಯು ಗಿರ್ರನೆ ತಿರುಗುವಂಥವು. ನವರಾತ್ರಿಯ ಬೊಂಬೆಗಳನ್ನು ಜೋಡಿಸುವ ಶ್ರದ್ಧೆಯಿಂದ ಅವನ್ನು ಜೋಡಿಸಿದ್ದನು. ನಮ್ಮ ಮನೆಯವರು ಒಂದನ್ನು ಎತ್ತಿ ನೋಡಿ, "ಇದರಿಂದ ಮೋಸಹೋಗುವುದು ಮೀನೋ ಮನುಷ್ಯನೋ?" ಎಂದು ಕೇಳಿದರು. ಹುಡುಗನು ನಕ್ಕು, "ಎರಡೂ, ಅತ್ತೆ. ಆದರೆ ಮೊದಲು ಮನುಷ್ಯನೇ" ಎಂದನು.

ಅವನು ಹಿಡಿಯಹೋಗುವ ಮೀನಿಗೆ ಬಾಸ್ ಎಂದು ಹೆಸರು. ಉತ್ತರ ಅಮೆರಿಕದ ಸಿಹಿನೀರಿನ ಮೀನು ಇದು. ಇದರಲ್ಲಿ ದೊಡ್ಡ ಬಾಯಿಯದು, ಸಣ್ಣ ಬಾಯಿಯದು ಎಂದು ಎರಡು ಮುಖ್ಯ ಜಾತಿಗಳುಂಟು. ದೊಡ್ಡ ಬಾಯಿಯದು ಜೊಂಡು ಬೆಳೆದ ಬೆಚ್ಚನೆಯ ನೀರನ್ನು ಬಯಸುತ್ತದೆ. ಸಣ್ಣ ಬಾಯಿಯದು ಕಲ್ಲುಬಂಡೆಗಳ ನಡುವಿನ ತಿಳಿಯಾದ ತಂಪು ನೀರನ್ನು ಬಯಸುತ್ತದೆ. ಆ ದೇಶದವರಿಗೆ ಈ ಮೀನಿನ ಮೇಲಿರುವ ಮೋಹವು ಇಂದು ನಿನ್ನೆಯದಲ್ಲ. ಹೆನ್‌ಶಾಲ್ ಎಂಬ ವೈದ್ಯನು 1881ರಲ್ಲಿಯೇ ಇದೊಂದನ್ನೇ ಕುರಿತು ದಪ್ಪನೆಯ ಪುಸ್ತಕವೊಂದನ್ನು ಬರೆದನು. 1932ರಲ್ಲಿ ಜಾರ್ಜಿಯ ಸಂಸ್ಥಾನದ ಜಾರ್ಜ್ ಪೆರಿ ಎಂಬಾತನು ಹಿಡಿದ ಮೀನು 22 ಪೌಂಡು 4 ಔನ್ಸು ತೂಗಿತು. ಅದಕ್ಕೆ ಸರಿದೊರೆಯಾದುದು 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ದೊರಕುವವರೆಗೆ, ಎಪ್ಪತ್ತೇಳು ವರ್ಷಗಳ ಕಾಲ ಆ ತೂಕಕ್ಕೆ ಎದುರೇ ಇರಲಿಲ್ಲ.

ಇನ್ನು ಕಯಾಕ್ ಎಂಬ ಅವನ ದೋಣಿ. ಉತ್ತರಧ್ರುವದ ಕಡೆಯ ಇನ್ಯುಯಿಟ್ ಜನರು ಕಟ್ಟಿಗೆ ಅಥವಾ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ ಇದನ್ನು ಕಟ್ಟುತ್ತಿದ್ದರು. ಬಿದಿರಿನ ಬುಟ್ಟಿಗೆ ಚರ್ಮ ಬಿಗಿದ ನಮ್ಮ ಹರಿಗೋಲಿಗೆ ಇದು ದೂರದ ನೆಂಟನೆನ್ನಬಹುದು. ಹರಿಗೋಲು ದುಂಡಗಿದ್ದು ತಿರುಗುತ್ತದೆ, ಇದು ಉದ್ದವಾಗಿದ್ದು ನೇರ ಹೋಗುತ್ತದೆ, ಅಷ್ಟೇ. ಈಗಿನ ಕಯಾಕುಗಳು ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ಕಿನವು. ಹುಡುಗನದು ಹನ್ನೆರಡು ಅಡಿಯುದ್ದವಾಗಿ, ಅಗಲವಾಗಿ, ಮೇಲೆಯೇ ಕುಳಿತುಕೊಳ್ಳುವಂಥದು.

ಆ ರಾತ್ರಿ ಊಟವಾದ ಮೇಲೆ ನಾವು ತಂಗಿಯ ಮಾತನ್ನು ಎತ್ತಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದನು. ಕಡೆಗೆ, "ಅಮ್ಮನಿಗೆ ಹೇಳದ ಸಂಗತಿಯೊಂದಿದೆ, ಮಾವ" ಎಂದು ಪ್ರಾರಂಭಿಸಿದನು. ಹಿಂದಿನ ವರ್ಷದ ಏಪ್ರಿಲ್ ತಿಂಗಳಿನಲ್ಲಿ, ಬಿಸಿಲು ಚೆನ್ನಾಗಿದ್ದ ಒಂದು ದಿನ, ಹತ್ತಿಯ ಷರಾಯಿಯನ್ನೂ ಉಣ್ಣೆಯ ಅಂಗಿಯನ್ನೂ ತೊಟ್ಟು ಹೋಗಿದ್ದನಂತೆ. ಹಿಂದೆ ತಿರುಗಿ ಎರೆಯ ಪೆಟ್ಟಿಗೆಯನ್ನು ತೆಗೆಯಹೋದಾಗ ದೋಣಿಯು ಮಗುಚಿತು. "ನೀರು ಎದೆಗೆ ತಗಲಿದ ಕೂಡಲೇ ಉಸಿರು ನಮ್ಮ ಮಾತನ್ನು ಕೇಳುವುದಿಲ್ಲ. ಕೂಗಬೇಕೆಂದರೂ ಆಗಲಿಲ್ಲ. ಕಾಲಿಗೆ ನೆಲ ಸಿಕ್ಕಿತು, ಆದ್ದರಿಂದ ಇಲ್ಲಿ ಕುಳಿತಿದ್ದೇನೆ. ಇನ್ನು ಇಪ್ಪತ್ತು ಮಾರು ಆಚೆಗೆ ಇದ್ದಿದ್ದರೆ..." ಎಂದು ನಿಲ್ಲಿಸಿದನು. ನಮಗೆ ಕೊರಳು ಕಟ್ಟಿತು. ಬಿಟ್ಟುಬಿಡು ಎಂದು ಹೇಳುವುದಕ್ಕೆ ಅದೇ ಸಮಯ. ಆದರೆ ಅವನು, "ಒಮ್ಮೆ ನನ್ನ ಜೊತೆ ಬಂದು ನೋಡಿ, ಆಮೇಲೆ ನೀವು ಬೇಡವೆಂದರೆ ದೋಣಿಯನ್ನು ಮಾರುತ್ತೇನೆ" ಎಂದನು. ನಾವು ಒಪ್ಪಿಕೊಂಡೆವು.

ಮಾರನೆಯ ಶನಿವಾರ ಬೆಳಗಿನ ಜಾವ ಹೊರಟೆವು. ಆಲ್ಬನಿಯಿಂದ ಉತ್ತರಕ್ಕೆ ಸುಮಾರು ಅರವತ್ತು ಮೈಲಿ ಹೋದರೆ ಜಾರ್ಜ್ ಸರೋವರದ ದಕ್ಷಿಣದ ತುದಿಯು ಸಿಕ್ಕುತ್ತದೆ. ಅಡಿರಾಂಡಕ್ ಬೆಟ್ಟಗಳ ನಡುವೆ ಉದ್ದಕ್ಕೆ ಮಲಗಿರುವ ಈ ಸರೋವರದ ಉದ್ದ 32 ಮೈಲಿ. ಇದರ ನೀರು ಉತ್ತರಕ್ಕೆ ಹರಿದು ಷಾಂಪ್ಲೇನ್ ಸರೋವರವನ್ನು ಸೇರುತ್ತದೆ. 1646ರಲ್ಲಿ ಇಲ್ಲಿಗೆ ಬಂದ ಫ್ರೆಂಚ್ ಪಾದ್ರಿಯೊಬ್ಬನು ಇದಕ್ಕೆ ತನ್ನ ಮತದ ಪವಿತ್ರ ಸಂಸ್ಕಾರದ ಹೆಸರನ್ನಿಟ್ಟನು. 1755ರಲ್ಲಿ ಇಂಗ್ಲಿಷರು ತಮ್ಮ ದೊರೆಯ ಹೆಸರನ್ನಿಟ್ಟರು. 1791ರಲ್ಲಿ ಇಲ್ಲಿ ಸಂಚರಿಸಿದ ಥಾಮಸ್ ಜೆಫರ್ಸನ್ನನು, ತಾನು ಕಂಡ ಸರೋವರಗಳಲ್ಲೆಲ್ಲ ಇದೇ ಸುಂದರವೆಂದು ತನ್ನ ಮಗಳಿಗೆ ಕಾಗದ ಬರೆದನು. ಬೆಳಗಿನ ಬೆಳಕಿನಲ್ಲಿ ಬೆಟ್ಟಗಳ ನೆರಳು ನೀರಿನಲ್ಲಿ ನಿಂತಿದ್ದುದನ್ನು ಕಂಡಾಗ, ಆ ಮಾತಿನಲ್ಲಿ ಉತ್ಪ್ರೇಕ್ಷೆಯಿದೆಯೆಂದು ನಮಗೆ ತೋರಲಿಲ್ಲ.

ಬೋಲ್ಟನ್ ಲ್ಯಾಂಡಿಂಗ್ ಎಂಬ ಊರನ್ನು ದಾಟಿ ಮುಂದೆ ಹೋದರೆ, ವಾಯವ್ಯ ಕೊಲ್ಲಿ ಎಂದು ಕರೆಯುವ ಸರೋವರದ ಒಂದು ಕೈ. ಅದಕ್ಕೆ ಬಂದು ಸೇರುವ ಹಳ್ಳದ ಬದಿಯಲ್ಲಿ ಸಣ್ಣ ದೋಣಿಗಳನ್ನು ಇಳಿಸುವ ಎಡೆಯಿದೆ. ಪೂರ್ವಕ್ಕೆ ಟಂಗ್ ಎಂಬ ಬೆಟ್ಟದ ಸಾಲು. ನಾಲಗೆಯಂತೆ ಸರೋವರದೊಳಕ್ಕೆ ಚಾಚಿದೆ. ಹಳ್ಳವು ಜೊಂಡಿನ ನಡುವೆ ಬಳುಕಿ ಬಳುಕಿ ಕೊಲ್ಲಿಯನ್ನು ಮುಟ್ಟುತ್ತದೆ. ಋತುವಿನ ಆರಂಭದಲ್ಲಿ ಈ ಎಡೆಯನ್ನು ಆರಿಸಿಕೊಳ್ಳುವುದಕ್ಕೆ ಕಾರಣವುಂಟು: ಆಳವಿಲ್ಲದ, ಕಪ್ಪು ಕೆಸರಿನ ತಳವು ಬಿಸಿಲನ್ನು ಬೇಗ ಹೀರಿ ನೀರನ್ನು ಬೆಚ್ಚಗೆ ಮಾಡುತ್ತದೆ. ನೀರು 50 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿರುವವರೆಗೆ ಬಾಸ್ ಮೀನು ಜಡವಾಗಿರುತ್ತದೆ. 55ರ ಮೇಲೆ ಏರಿದಂತೆ ದಡದ ಕಡೆಗೆ ಬಂದು ಮೇಯತೊಡಗುತ್ತದೆ. 60 ದಾಟಿದ ಮೇಲೆ ಮೊಟ್ಟೆಯಿಡುತ್ತದೆ. ಗಂಡು ಮೀನು ಬಾಲದಿಂದ ತಳವನ್ನು ಗುಡಿಸಿ ಗೂಡು ಮಾಡಿ, ಮೊಟ್ಟೆಗಳನ್ನೂ ಮರಿಗಳನ್ನೂ ತಾನೇ ಕಾಯುತ್ತದೆಯೆಂದು ಕೇಳಿ ನಮ್ಮ ಮನೆಯವರಿಗೆ ಬಹಳ ಸಂತೋಷವಾಯಿತು. ಕಾವಲಿನ ತಂದೆಯನ್ನು ಎತ್ತಿದರೆ ಬೇರೆ ಮೀನುಗಳು ಮೊಟ್ಟೆಯನ್ನು ತಿಂದುಹಾಕುತ್ತವೆ. ಆದ್ದರಿಂದಲೇ ನ್ಯೂಯಾರ್ಕ್ ಸಂಸ್ಥಾನದ ನಿಯಮದಂತೆ ಜೂನ್ 15ರವರೆಗೆ ಬಾಸ್ ಮೀನನ್ನು ಇಟ್ಟುಕೊಳ್ಳುವಂತಿಲ್ಲ; ಕೃತಕ ಎರೆಯಿಂದ ಹಿಡಿದು ಕೂಡಲೇ ಬಿಡತಕ್ಕದ್ದು. ಗೂಡಿನ ಮೇಲಿರುವ ಮೀನಿಗೆ ತಾನು ಎರೆಯನ್ನು ಎಸೆಯುವುದೇ ಇಲ್ಲವೆಂದು ಹುಡುಗನು ಹೇಳಿದನು. ಅದು ಕಾನೂನಲ್ಲ, ಅವನೇ ಮಾಡಿಕೊಂಡ ಕಟ್ಟು.

ಒಂಬತ್ತು ಕೋಲುಗಳಲ್ಲಿ ಅವನು ತಂದಿದ್ದುದು ಎರಡೇ. ಎರಡೂ ಏಳು ಅಡಿಯವು. ಒಂದಕ್ಕೆ ನಿಂತ ರಾಟೆಯಿಂದ ದಾರವು ಸುರುಳಿಸುರುಳಿಯಾಗಿ ಹೊರಡುವ ಸ್ಪಿನಿಂಗ್ ರೀಲು. ಹಗುರವಾದ ಎರೆಗಳಿಗೆ ಅದು ಅನುಕೂಲ. ಇನ್ನೊಂದು ಗಡುಸಾದ ಕೋಲು. ಜೊಂಡಿನಲ್ಲಿ ತೂಕದ ಎರೆಯನ್ನು ಎಳೆಯುವುದಕ್ಕೆ. ಹೆಣೆದ ಸಣ್ಣ ದಾರದ ತುದಿಗೆ, ನೀರಿನಲ್ಲಿ ಕಣ್ಣಿಗೆ ಬೀಳದ ಫ್ಲೋರೋಕಾರ್ಬನ್ ದಾರವನ್ನು ಗಂಟುಹಾಕಿದ್ದನು. ಗಾಳದ ಮುಳ್ಳುಗಳನ್ನು ಇಕ್ಕುಳದಿಂದ ಅದುಮಿದ್ದನು. ಮೀನಿನ ಬಾಯಿ ಹರಿಯದೆ ಗಾಳವು ಸಲೀಸಾಗಿ ಬರಲೆಂದು. ತೂಕಕ್ಕೆ ಸೀಸವಿಲ್ಲ, ಟಂಗ್‌ಸ್ಟನ್. ಲೂನ್ ಎಂಬ ನೀರುಹಕ್ಕಿಯು ಸಣ್ಣ ಕಲ್ಲುಗಳೊಡನೆ ಸೀಸದ ಗುಂಡನ್ನೂ ನುಂಗಿ ವಿಷವೇರಿ ಸಾಯುತ್ತದೆಂದು, ಅರ್ಧ ಔನ್ಸು ಹಾಗೂ ಅದಕ್ಕಿಂತ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು ಆ ಸಂಸ್ಥಾನದಲ್ಲಿ 2004ರಲ್ಲಿ ನಿಷೇಧಿಸಿದರು. "ದೋಣಿ ಸಣ್ಣದು, ಮಾವ. ಹೆಚ್ಚು ಸಾಮಾನು ತಂದರೆ ಹಿಂದೆ ತಿರುಗಿ ಹುಡುಕಬೇಕಾಗುತ್ತದೆ. ನಾನು ಬಿದ್ದುದು ಹಾಗೆಯೇ" ಎಂದನು.

ಉಳಿದ ಏಳು ಕೋಲುಗಳ ಬದಲಿಗೆ ಅವನು ತಂದಿದ್ದುದು ಎರಡು ಡ್ರೈ ಸೂಟುಗಳು: ಒಂದು ತನ್ನದು, ಇನ್ನೊಂದು ನಮಗಾಗಿ ಸ್ನೇಹಿತನಿಂದ ಎರವಲು ತಂದುದು. ಕೊರಳಿಗೂ ಮಣಿಕಟ್ಟಿಗೂ ರಬ್ಬರಿನ ಬಿಗಿ, ಒಳಗೆ ಉಣ್ಣೆ, ಹೊರಗಿನ ನೀರು ಮೈಗೆ ತಾಗದು. ಅದರ ಮೇಲೆ ತೇಲುವ ಜಾಕೆಟ್ಟು, ಅದರ ಭುಜಕ್ಕೆ ಒಂದು ಸಿಳ್ಳು. ಆ ಸಂಸ್ಥಾನದಲ್ಲಿ ನವೆಂಬರ್ 1ರಿಂದ ಮೇ 1ರವರೆಗೆ ಸಣ್ಣ ದೋಣಿಯವರೆಲ್ಲರೂ ಜಾಕೆಟ್ಟನ್ನು ತೊಟ್ಟಿರಲೇಬೇಕೆಂದು ಕಾನೂನು. ನಾವು ಹೋದದ್ದು ಮೇ ಎರಡನೆಯ ವಾರ. ಕಾನೂನಿನ ಗಡುವು ಮುಗಿದಿತ್ತು. ನೀರಿಗೆ ಆ ಸಂಗತಿ ತಿಳಿದಿರಲಿಲ್ಲ. ಹಳ್ಳದಲ್ಲಿ 54 ಡಿಗ್ರಿ, ಕೊಲ್ಲಿಯಲ್ಲಿ 49.

ಇಳಿಯುವ ಮುನ್ನ ಅವನು ಸೊಂಟದುದ್ದ ನೀರಿನಲ್ಲಿ ಬೇಕೆಂದೇ ದೋಣಿಯನ್ನು ಮಗುಚಿ, ನೇರಮಾಡಿ, ಹೊಟ್ಟೆಯ ಮೇಲೆ ಜಾರಿ ಮತ್ತೆ ಹತ್ತಿ ತೋರಿಸಿದನು. ನಮ್ಮಿಂದಲೂ ಮಾಡಿಸಿದನು. ಈ ವಯಸ್ಸಿನಲ್ಲಿ ಅದು ನೋಡತಕ್ಕ ದೃಶ್ಯವಾಗಿರಲಿಲ್ಲ; ದಡದಲ್ಲಿದ್ದವರು ಬಾಯಿಗೆ ಸೆರಗು ಹಿಡಿದುಕೊಂಡಿದ್ದರು. ಆಮೇಲೆ ಬರಿಗೈಯನ್ನು ನೀರಿನಲ್ಲಿ ಅದ್ದಿ ಹಿಡಿಯೆಂದನು. ಸ್ವಲ್ಪ ಹೊತ್ತಿನಲ್ಲಿಯೇ ಬೆರಳುಗಳು ಮರದಂತಾಗಿ, ಹಗ್ಗದ ಸಾಮಾನ್ಯವಾದ ಗಂಟನ್ನು ಬಿಚ್ಚಲಾರದೆ ಹೋದೆವು. ಇದನ್ನು ಬಲ್ಲವರು ಒಂದು, ಹತ್ತು, ಒಂದು ಎಂದು ಲೆಕ್ಕ ಹೇಳುತ್ತಾರೆ: ತಣ್ಣೀರಿಗೆ ಬಿದ್ದವನಿಗೆ ಉಸಿರನ್ನು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪುವುದಕ್ಕೆ ಮುನ್ನ ಸುಮಾರು ಒಂದು ಗಂಟೆ. ಕಡೆಗೆ ಒಂದು ಚೀಟಿಯಲ್ಲಿ ಹೋಗುವ ದಿಕ್ಕನ್ನೂ ಹಿಂದಿರುಗುವ ಹೊತ್ತನ್ನೂ ಬರೆದು ನಮ್ಮ ಮನೆಯವರ ಕೈಗೆ ಕೊಟ್ಟನು: "ಹನ್ನೆರಡಕ್ಕೆ ಬಾರದಿದ್ದರೆ 911ಕ್ಕೆ ಕರೆಮಾಡಿ."

ಹಳ್ಳದಲ್ಲಿ ಸದ್ದಿಲ್ಲದೆ ಸಾಗಿದೆವು. ದೂರದಲ್ಲಿ ಎಲ್ಲಿಯೋ ಲೂನ್ ಹಕ್ಕಿಯು ಅಳುವಂತೆ ಕೂಗಿತು. ಕೊಲ್ಲಿಯ ಬಾಯಲ್ಲಿ ಹುಡುಗನು ಬೆಳ್ಳಿಯ ಮೀನಿನಂಥ ಎರೆಯನ್ನು ಎಸೆದು, ಎರಡು ಸಲ ಜಗ್ಗಿ, ಹತ್ತು ಎಣಿಸುವವರೆಗೆ ಕದಲಿಸದೆ ನಿಲ್ಲುವನು. ಜಗ್ಗುವುದು, ನಿಲ್ಲುವುದು, ಎರಡು ಗಂಟೆಗಳ ಕಾಲ ಇದೇ. ತಣ್ಣೀರಿನ ಮೀನು ಓಡುವ ಆಹಾರವನ್ನು ಅಟ್ಟುವುದಿಲ್ಲವಂತೆ. ಹತ್ತೂವರೆಯ ಸುಮಾರಿಗೆ ಕೋಲು ಬಾಗಿತು. ಕಂಚಿನ ಬಣ್ಣದ, ಮೈಮೇಲೆ ಅಡ್ಡಪಟ್ಟೆಗಳ, ಕೆಂಪುಗಣ್ಣಿನ ಸಣ್ಣ ಬಾಯಿಯ ಬಾಸ್. ಮೂರು ಪೌಂಡಿನಷ್ಟು ಇರಬಹುದು. ಕೈಯನ್ನು ಒದ್ದೆಮಾಡಿಕೊಂಡು ಹಿಡಿದು, ಗಾಳವನ್ನು ಬಿಡಿಸಿ, ನೀರಿನೊಳಗೆ ಹಿಡಿದು ನಿಂತನು. ಅದು ತಾನಾಗಿ ಕೈಯಿಂದ ಜಾರಿ ಕೆಳಗಿಳಿದು ಮಾಯವಾಯಿತು. ಹತ್ತು ನಿಮಿಷದಲ್ಲಿ ಇನ್ನೊಂದು ಬಂದಿತು. ಅದನ್ನು ಬಿಡುತ್ತಿರುವಾಗಲೇ ಮತ್ತೊಂದು ನೀರಿನ ಮೇಲೆ ಹೊರಳಿತು. ಮೀನುಗಳು ಕಚ್ಚತೊಡಗಿದ್ದವು.

ಆಗಲೇ ನಮ್ಮ ಕೆನ್ನೆಗೆ ವಾಯವ್ಯದಿಂದ ತಣ್ಣನೆಯ ಗಾಳಿಯೊಂದು ಸೋಕಿತು. ಹುಡುಗನು ತಲೆಯೆತ್ತಿ ಬೆಟ್ಟದ ಮೇಲಿನ ಮೋಡವನ್ನೂ, ಕೊಲ್ಲಿಯ ನಡುವೆ ಕಪ್ಪಾಗುತ್ತಿದ್ದ ನೀರನ್ನೂ ನೋಡಿದನು. ಎರೆಯು ಇನ್ನೂ ನೀರಿನಲ್ಲಿತ್ತು. ಅವನು ದಾರವನ್ನು ಸುತ್ತಿ, ಕೋಲನ್ನು ಕಟ್ಟಿ, ಹುಟ್ಟನ್ನು ಕೈಗೆ ತೆಗೆದುಕೊಂಡನು. "ಈ ಗಾಳಿ ನಮ್ಮನ್ನು ಸರೋವರದ ನಡುವಿಗೆ ನೂಕುತ್ತದೆ. ನಡೆಯಿರಿ, ಮಾವ" ಎಂದನು. ಪಶ್ಚಿಮದ ದಡದ ಮರೆಯನ್ನು ಹಿಡಿದು ಹೊರಟೆವು. ಬರುವಾಗ ಆಟದಂತೆ ಕಳೆದ ದಾರಿಯು ಹೋಗುವಾಗ ಒಂದು ಗಂಟೆಗೂ ಮೀರಿ ಹಿಡಿಯಿತು. ಅಲೆಗಳು ದೋಣಿಯ ಮೂತಿಗೆ ಹೊಡೆದು ಮೈಮೇಲೆ ಎರಚುತ್ತಿದ್ದವು. ನಮ್ಮ ತೋಳುಗಳು ಸೋತುಹೋದವು. ಅವನು ಒಮ್ಮೆಯೂ ನಮ್ಮನ್ನು ಬಿಟ್ಟು ಮುಂದೆ ಹೋಗಲಿಲ್ಲ. ಹಳ್ಳವನ್ನು ಸೇರಿ ಹಿಂದಿರುಗಿ ನೋಡಿದರೆ, ನಾವಿದ್ದ ಎಡೆಯಲ್ಲಿ ನೊರೆಯೆದ್ದಿತ್ತು. ದಡದಲ್ಲಿ ನಮ್ಮ ಮನೆಯವರು ಒಂದು ಕೈಯಲ್ಲಿ ಚೀಟಿಯನ್ನೂ ಇನ್ನೊಂದು ಕೈಯಲ್ಲಿ ಫೋನನ್ನೂ ಹಿಡಿದು ನಿಂತಿದ್ದರು. ಹನ್ನೆರಡಕ್ಕೆ ಇನ್ನು ಹತ್ತು ನಿಮಿಷಗಳಿದ್ದವು.

ಮೀನು ಕಚ್ಚುತ್ತಿರುವ ಹೊತ್ತಿನಲ್ಲಿ ದೋಣಿಯನ್ನು ತಿರುಗಿಸಿದವನಿಗೆ ಬಿಟ್ಟುಬಿಡೆಂದು ಹೇಳಲು ನಮಗೆ ಬಾಯಿ ಬರಲಿಲ್ಲ. ಆದರೆ ತಾಯಿಗೆ ಹೇಳದ ಮಾತನ್ನು ನಾವು ಬಚ್ಚಿಡುವುದಿಲ್ಲವೆಂದೂ, ಅದನ್ನು ಅವನೇ ಹೇಳತಕ್ಕದ್ದೆಂದೂ ಷರತ್ತು ಹಾಕಿದೆವು. ಮರುದಿನ ಬೆಳಗ್ಗೆ, ಮೈಸೂರಿನಲ್ಲಿ ಸಂಜೆಯಾಗಿದ್ದಾಗ, ಅವನು ಕರೆಮಾಡಿ ಏಪ್ರಿಲಿನ ಸಂಗತಿಯನ್ನು ಒಂದೂ ಬಿಡದೆ ಹೇಳಿದನು. ಆ ಕಡೆಯಿಂದ ಬಹಳ ಹೊತ್ತು ಶಬ್ದವೇ ಇಲ್ಲ. ಆಮೇಲೆ ತಂಗಿಯು ನಮ್ಮನ್ನು ಕರೆದು, "ನೀನು ಕಣ್ಣಾರೆ ನೋಡಿದೆಯಾ?" ಎಂದು ಕೇಳಿದಳು. ನೋಡಿದೆವೆಂದು ಹೇಳಿದೆವು. "ಆ ನೀರಿಳಿಯದ ಅಂಗಿ ಗಟ್ಟಿಯಾಗಿದೆಯಾ?" ಎಂದಳು. ಗಟ್ಟಿಯಾಗಿದೆಯೆಂದೆವು. "ಹಾಗಾದರೆ ಆ ಚೀಟಿಯನ್ನು ಇನ್ನು ಮೇಲೆ ನನಗೆ ಕಳಿಸಲಿ" ಎಂದಳು.

ಈಗ ಅವನು ನೀರಿಗಿಳಿಯುವಾಗಲೆಲ್ಲ ದಡದಲ್ಲಿ ಒಬ್ಬ ಸ್ನೇಹಿತನಿಗೂ, ಮೈಸೂರಿನ ತಾಯಿಗೂ ಚೀಟಿಯು ಹೋಗುತ್ತದೆ. ಅಲ್ಲಿ ಹಗಲು ಹನ್ನೆರಡಾದರೆ ಇಲ್ಲಿ ರಾತ್ರಿ ಒಂಬತ್ತೂವರೆ. ಅವನು ದಡ ಸೇರಿದ ಸುದ್ದಿಯು ಬಂದ ಮೇಲೆಯೇ ಅವಳು ದೀಪವಾರಿಸಿ ಮಲಗುತ್ತಾಳೆ. ಉಳಿದ ಏಳು ಕೋಲುಗಳಲ್ಲಿ ನಾಲ್ಕನ್ನು ಅವನು ಮಾರಿದನೆಂದು ಮೊನ್ನೆ ಬರೆದಿದ್ದಾನೆ.