ಕಾಕತಾಲೀಯ

ಸುಳ್ಯ ಸೀಮೆಯ ತರುಣನೊಬ್ಬನು ಎರಡು ವರ್ಷ ಅಡಕೆ ಸುಲಿದು ಕೂಡಿಟ್ಟ ಹಣದಿಂದ ಬಿಡಿಭಾಗಗಳನ್ನು ತರಿಸಿ, ಆಟಗಳಿಗೆಂದು ಕಂಪ್ಯೂಟರೊಂದನ್ನು ತಾನೇ ಜೋಡಿಸಿದನು. ಬೇಸಿಗೆಯ ಕೊನೆಯ ಗುಡುಗುಮಳೆಯ ದಿನಗಳಲ್ಲಿ ಅದಕ್ಕೆ ರೋಗ ಹಿಡಿಯಿತು. ಆಟದ ನಡುವೆ ಚಿತ್ರವು ಸ್ತಬ್ಧವಾಗುವುದು. ಒಮ್ಮೊಮ್ಮೆ ಪರದೆ ನೀಲಿಯಾಗಿ ಯಂತ್ರವು ತಾನಾಗಿ ಮರಳಿ ಹೊರಡುವುದು.

"ಸಿಡಿಲಿನ ಪೆಟ್ಟು" ಎಂದರು ತಂದೆ. ಪೇಟೆಯ ಅಂಗಡಿಯವನು ವಿದ್ಯುತ್ತಿನ ಏರಿಳಿತವೆಂದನು. ಪವರ್ ಸಪ್ಲೈ ಬದಲಾಯಿತು. ಹಣ ಹೋಯಿತು, ರೋಗ ಹೋಗಲಿಲ್ಲ. "ಮಾರಿಬಿಡು ಮಗಾ" ಎಂದು ತಂದೆ ನಿಟ್ಟುಸಿರಿಟ್ಟರು.

ಕಾಗೆ ಕುಳಿತುದರಿಂದ ತಾಳೆಯ ಹಣ್ಣು ಬಿದ್ದಿತೆಂಬುದು ಭ್ರಮೆ. ಬಾನು ತಿಳಿಯಾದ ದಿನವೂ ಯಂತ್ರವು ನಿಂತಾಗ ತರುಣನು ಸಿಡಿಲಿನ ಮಾತನ್ನು ಬಿಟ್ಟನು. ಕಾರಣವಿದ್ದರೆ ಕಾರ್ಯವುಂಟು, ಇಲ್ಲದಿದ್ದರೆ ಇಲ್ಲ. ಇದನ್ನೇ ನೈಯಾಯಿಕರು ಅನ್ವಯ-ವ್ಯತಿರೇಕವೆಂದರು. ಆ ಹೆಸರನ್ನರಿಯದೆಯೇ ಅವನು ಆ ದಾರಿ ಹಿಡಿದನು; ಒಮ್ಮೆಗೆ ಒಂದನ್ನೇ ಬದಲಿಸಿದನು. ಪ್ರೊಸೆಸರಿನ ಶಾಖವನ್ನು ನೋಡಿದನು, ಮಿತಿಯೊಳಗಿತ್ತು. 6000ಕ್ಕೇರಿಸಿದ್ದ ಡಿಡಿಆರ್5 ರ್‍ಯಾಮಿನ ವೇಗವನ್ನು ಮೂಲದ 4800ಕ್ಕೆ ಇಳಿಸಿದನು; ದೋಷವು ಉಳಿಯಿತು. ಎರಡು ರ್‍ಯಾಮುಗಳಲ್ಲಿ ಒಂದನ್ನು ತೆಗೆದಿಟ್ಟು, ಉಳಿದುದನ್ನು ಮೆಮ್‌ಟೆಸ್ಟ್86 ಎಂಬ ಪರೀಕ್ಷೆಗೆ ಇಡೀ ರಾತ್ರಿ ಒಡ್ಡಿದನು. ಒಂದು ತಪ್ಪೂ ಕಾಣಲಿಲ್ಲ. ಮರುರಾತ್ರಿ ಅದೇ ಸ್ಲಾಟಿನಲ್ಲಿ ಇನ್ನೊಂದನ್ನು ಇಟ್ಟನು. ತಪ್ಪುಗಳ ಸಾಲೇ ಮೂಡಿತು. ಸ್ಲಾಟು ಬದಲಿಸಿದರೂ ಹಾಗೆಯೇ. ಕಳ್ಳನು ಸಿಕ್ಕಿದನು. ವಾರಂಟಿಯಿದ್ದುದರಿಂದ ಕಾಸಿಲ್ಲದೆ ಹೊಸದು ಬಂದಿತು, ಯಂತ್ರವು ಸ್ವಸ್ಥವಾಯಿತು.

ಈಗ ತೋಟದ ಪಂಪು ನಿಂತರೆ ತಂದೆ ಸಿಡಿಲನ್ನು ಬೈಯುವುದಿಲ್ಲ; ಮಗನನ್ನು ಕರೆಯುತ್ತಾರೆ.