ಹೆಸರಾಗದ ಒಂದು ಉಪಕಾರ

ಹೆಸರು ಪಡೆಯದೆಯೂ ಲೋಕಕ್ಕೆ ಉಪಕಾರವೆಸಗಿದ ಕೃತಿಗಳು ಎಲ್ಲ ವಿದ್ಯೆಗಳಲ್ಲಿಯೂ ಉಂಟು. ಗಣಕವಿದ್ಯೆಯಲ್ಲಿ ಅಂತಹುದು ‘ಪ್ಲಾನ್ ೯’. ಗಣಕದ ಸಕಲ ವ್ಯಾಪಾರಗಳನ್ನೂ ಯಜಮಾನನಂತೆ ನಡೆಸುವ ಮೂಲತಂತ್ರಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರಷ್ಟೆ. ಅಮೆರಿಕೆಯ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಖ್ಯಾತಿಯ ಕೆನ್ ಥಾಂಪ್ಸನ್, ಅವರ ಸಹೋದ್ಯೋಗಿ ರಾಬ್ ಪೈಕ್ ಮೊದಲಾದವರು ಪ್ರಯೋಗಾರ್ಥವಾಗಿ ರಚಿಸಿದ ಈ ತಂತ್ರವು ೧೯೯೨ರಲ್ಲಿ ವಿಶ್ವವಿದ್ಯಾಲಯಗಳಿಗೆ ದೊರೆಯಿತು.

ಇದರ ‘೯ಫ್ರಂಟ್’ ಎಂಬ ಕವಲನ್ನು ಇಂದಿಗೂ ತಮ್ಮ ಯಂತ್ರದಲ್ಲಿ ನೆಲೆಗೊಳಿಸುವ ಕುತೂಹಲಿಗಳಿದ್ದಾರೆ. ‘ಇನ್‌ಸ್ಟ್/ಸ್ಟಾರ್ಟ್’ ಎಂದು ಆಜ್ಞೆಯಿತ್ತೊಡನೆ ಯಂತ್ರವು ಒಂದೊಂದಾಗಿ ಪ್ರಶ್ನಿಸುತ್ತದೆ. ಉತ್ತರಿಸುತ್ತ ಹೋದರೆ ಸ್ಥಾಪನೆ ಮುಗಿಯುತ್ತದೆ. ಒಳಹೊಕ್ಕವನಿಗೆ ಮೂರು ಗುಂಡಿಗಳ ಮೌಸ್ ಬೇಕು. ಬಲಗುಂಡಿಯನ್ನೊತ್ತಿ ‘ನ್ಯೂ’ ಎಂಬುದನ್ನಾರಿಸಿ, ಚೌಕವನ್ನು ತಾನೇ ಎಳೆದರೆ ಹೊಸ ಕಿಟಕಿ ತೆರೆಯುತ್ತದೆ. ಅಲ್ಲಿ ಪರದೆ, ಮೌಸ್, ದೂರದ ಗಣಕ ಎಲ್ಲವೂ ಕಡತಗಳಾಗಿಯೇ ತೋರುತ್ತವೆ. ಓದುವುದು, ಬರೆಯುವುದು ಎಂಬೆರಡು ಕ್ರಿಯೆಗಳಿಂದಲೇ ಬಹುಪಾಲು ವ್ಯವಹಾರ ಸಾಗುತ್ತದೆ. ಕೆಲವೇ ಸೂತ್ರಗಳಿಂದ ಅಪಾರ ರೂಪಗಳನ್ನು ಸಾಧಿಸುವ ವ್ಯಾಕರಣವನ್ನು ಬಲ್ಲವರು ಈ ಲಾಘವಕ್ಕೆ ತಲೆದೂಗದಿರರು.

ಇಷ್ಟಾದರೂ ಪ್ಲಾನ್ ೯ ಜನಬಳಕೆಗೆ ಬರಲಿಲ್ಲ. ಆದರೆ ೧೯೯೨ರ ಸೆಪ್ಟೆಂಬರಿನಲ್ಲಿ ಥಾಂಪ್ಸನ್ ಮತ್ತು ಪೈಕ್ ಯುಟಿಎಫ್-೮ ಎಂಬ ಅಕ್ಷರಸಂಕೇತವನ್ನು ರೂಪಿಸಿ, ಕೆಲವೇ ದಿನಗಳಲ್ಲಿ ಇದರಲ್ಲಿಯೇ ಮೊದಲು ಅಳವಡಿಸಿದರು. ಅದರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ‘ಕ’ಕಾರಕ್ಕೆ ಮೂರು, ಎರಡೂ ಒಂದೇ ಪಂಕ್ತಿಯಲ್ಲಿ ತೊಡಕಿಲ್ಲದೆ ಕುಳಿತುಕೊಳ್ಳುತ್ತವೆ. ಇಂದು ಅಂತರ್ಜಾಲದ ಕನ್ನಡವು ಬಹುತೇಕ ಈ ಸಂಕೇತದಲ್ಲಿಯೇ ಸಂಚರಿಸುತ್ತದೆ. ಹಳ್ಳಿಯ ಬಾಲಕಿಯೊಬ್ಬಳು ತನ್ನ ಹೆಸರನ್ನು ತನ್ನ ಲಿಪಿಯಲ್ಲಿಯೇ ಬರೆದು ದೂರದೂರಿಗೆ ಕಳುಹಿಸಿದಾಗ, ಜನರು ಅರಿಯದ ಆ ಪ್ರಯೋಗದ ಕೃಷಿ ಅಲ್ಲಿ ಫಲಿಸಿರುತ್ತದೆ.